ಭೃಂಗಿಗೆ ಬೇಡವಾದ ಆ ಇನ್ನರ್ಧ

ನಮ್ಮ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು ಅಂದ್ರೆ ಬೆಂಗಳೂರಿನ ಆಫೀಸ್ ಗೆಳೆಯರು ‘ಓಹೋ’ ಅಂತ ಸುಮ್ಮನಾಗ್ತಾರೆ. ಕೋಲಾರ ಕಡೆಯ ಕರಗದ ಸುದ್ದಿ ತೆಗೆದರೆ ಮಾತ್ರ ಪ್ರಶ್ನೆ ಮೇಲೆ ಪ್ರಶ್ನೆ. ‘ಗಂಡಸು ಸೀರೆ ಉಡೋದ್ಯಾಕೆ?’ ಅನ್ನೋದು ಮೊದಲನೆಯದು.

ಆ ರಾತ್ರಿ ಅವರು ನಮಗೆ ಗಂಡಸಲ್ಲ, ದ್ರೌಪದಮ್ಮ. ಚೈತ್ರ ಹುಣ್ಣಿಮೆಗೆ ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗವಿರಲಿ, ನಮ್ಮ ಕೋಲಾರ, ಮಾಲೂರಿನ ಕರಗವಿರಲಿ, ಹೊರುವವರು ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆ ಮುಡಿದೇ ಬರ್ತಾರೆ. ಯಾರೂ ನಗಲ್ಲ. ಕೈ ಮುಗೀತಾರೆ.

ಕಲ್ಲಿನಲ್ಲೂ ಇದೇ ಭಾವ ಇದೆ. ಬಾದಾಮಿಯ ಮೊದಲ ಗುಹೆಗೆ ಹೋದವರು ನಟರಾಜನ ಮುಂದೆ ಸೆಲ್ಫಿ ತೆಗೆದು ವಾಪಸಾಗಬೇಡಿ. ಒಳಗೆ 6ನೇ ಶತಮಾನದ ಅರ್ಧನಾರೀಶ್ವರನಿದ್ದಾನೆ: ಬಲಕ್ಕೆ ಶಿವ, ಎಡಕ್ಕೆ ಪಾರ್ವತಿ. ಪಕ್ಕದಲ್ಲೇ ಎಲುಬಿನ ಗೂಡಿನಂತಹ ಭೃಂಗಿ. ಶಿವನಿಗೆ ಮಾತ್ರ ಪ್ರದಕ್ಷಿಣೆ ಹಾಕ್ತೀನಿ, ಪಾರ್ವತಿಗೆ ಹಾಕಲ್ಲ ಅಂತ ಹಟ ಹಿಡಿದವನು. ಇಬ್ಬರೂ ಒಂದೇ ದೇಹವಾದಾಗ ದುಂಬಿಯಾಗಿ ನಡುವೆ ಕೊರೆದು ಹೋಗೋಕೆ ನೋಡಿದನಂತೆ. ತಾಯಿಯಿಂದ ಬಂದ ರಕ್ತಮಾಂಸ ಕಳಕೊಳ್ಳುವ ಶಾಪ ಸಿಕ್ಕಿತು. ನಿಲ್ಲಲೂ ಆಗದವನಿಗೆ ಶಿವ ಮೂರನೇ ಕಾಲು ಕೊಟ್ಟ.

ಗ್ರೀಕರಿಗೂ ಇಂಥ ದೇವರಿದ್ದರು. ಹರ್ಮೀಸ್ ಮತ್ತು ಅಫ್ರೋಡೈಟಿಯ ಮಗ ಹರ್ಮಾಫ್ರೊಡಿಟಸ್. ರೋಮಿನ ಕವಿ ಓವಿಡ್ ಹೇಳುವ ಕತೆಯಲ್ಲಿ, ಅವನನ್ನು ಬಿಟ್ಟಿರಲಾರದ ಜಲಕನ್ಯೆ ಸಾಲ್ಮಾಸಿಸ್ ದೇವರಲ್ಲಿ ಬೇಡಿ ಅವನ ಮೈಯಲ್ಲೇ ಬೆರೆತುಬಿಡುತ್ತಾಳೆ. ಅವನಿಗದು ನಷ್ಟ, ಆ ಕೊಳವನ್ನೇ ಶಪಿಸುತ್ತಾನೆ. ನಮ್ಮಲ್ಲಿ ಅದೇ ಬೆರಕೆ ಪೂರ್ಣತೆ. ಶಾಪ ಅದನ್ನು ಒಪ್ಪದವನಿಗೆ!

ಹೇಳೋಕೆ ಹೆಮ್ಮೆಯ ಮಾತು. ಆದ್ರೆ ಬದುಕಿರುವವರ ವಿಷಯದಲ್ಲಿ? 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗಕ್ಕೆ ಮಾನ್ಯತೆ ಕೊಟ್ಟಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲಾತಿ ತಂದಿತು. ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಮಂಜಮ್ಮ ಜೋಗತಿಯವರಿಗೆ ಅದೇ ವರ್ಷ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು.

ಅದಾದ ಮೇಲೆ ನಾನು ಕೂತಿದ್ದ ಒಂದು ಇಂಟರ್‌ವ್ಯೂಗೆ ಟ್ರಾನ್ಸ್ ಹೆಣ್ಣುಮಗಳೊಬ್ಬಳು ಬಂದಿದ್ದಳು. ಟೆಸ್ಟ್ ಪಾಸು, ಮಾತೂ ಚೆನ್ನಾಗಿತ್ತು. ಆಮೇಲೆ ಅರ್ಧ ಗಂಟೆ ಚರ್ಚೆಯಾಗಿದ್ದು ಅವಳು ಯಾವ ವಾಶ್‌ರೂಮಿಗೆ ಹೋಗ್ತಾಳೆ ಅನ್ನೋದು. ‘ಕೆಲಸದ ಬಗ್ಗೆ ಮಾತಾಡೋಣ’ ಅಂತ ನಾನು ಎರಡು ಸಲ ಹೇಳಿದೆ. ಕೆಲಸ ಬೇರೆಯವರಿಗೆ ಹೋಯಿತು.

ಅಲ್ಲಿದ್ದವರಲ್ಲಿ ಯಾರೂ ಕೆಟ್ಟವರಲ್ಲ. ಕರಗಕ್ಕೆ ಮಲ್ಲಿಗೆ ಎರಚುವವರೂ ಇದ್ದರು. ಗುಡಿಯಲ್ಲಿ ಪೂರ್ತಿ ಕಾಣುವುದು ಆಫೀಸಿನಲ್ಲಿ ಅರ್ಧವೇ ಯಾಕೆ ಕಾಣುತ್ತೆ? ನಿಮ್ಮ ಟೀಮಿನಲ್ಲಿ ಮುಂದಿನ ಇಂಟರ್‌ವ್ಯೂ ನಡೆಯುವಾಗ ಒಮ್ಮೆ ಭೃಂಗಿಯನ್ನು ನೆನೆಸಿಕೊಳ್ಳಿ.