ವೋಚರ್ ಹಿಡಿದು ಕಲಿಯುವ ಲೆಕ್ಕ

ಬಿ.ಕಾಂ. ಪಠ್ಯಪುಸ್ತಕದಲ್ಲಿ ಬರುವ ಲೆಕ್ಕಗಳಿಗೆ ಒಂದು ಸೌಕರ್ಯವಿದೆ. ಟ್ರಯಲ್ ಬ್ಯಾಲೆನ್ಸ್‌ನ ಎರಡೂ ಬದಿ ಕೂಡಿಬರುವಂತೆಯೇ ಅಂಕಿಗಳನ್ನು ಜೋಡಿಸಿಟ್ಟಿರುತ್ತಾರೆ. ಅಂಗಡಿಯ ಲೆಕ್ಕ ಹಾಗಲ್ಲ. ಅಲ್ಲಿ ಬಿಲ್ ಕಳೆದಿರುತ್ತದೆ, ಕೊಟ್ಟ ಚೆಕ್ ಇನ್ನೂ ಪಾಸಾಗಿರುವುದಿಲ್ಲ, ಮನೆಯ ಕರೆಂಟ್ ಬಿಲ್ ಅಂಗಡಿಯ ಖರ್ಚಿನಲ್ಲಿ ಸೇರಿರುತ್ತದೆ. ಈ ನಿಜದ ಲೆಕ್ಕವನ್ನು ಕೆಲಸ ಮಾಡಿಸಿಯೇ ಕಲಿಸುವ ವ್ಯವಸ್ಥೆ ಸಿಎ ಕಚೇರಿಗಳ ಆರ್ಟಿಕಲ್‌ಶಿಪ್.

ಇದರ ಬೇರು ಬ್ರಿಟನ್ನಿನಲ್ಲಿದೆ. ಎಡಿನ್‌ಬರೋದ ಲೆಕ್ಕಿಗರ ಸಂಘಕ್ಕೆ ರಾಜಸನ್ನದು ಸಿಕ್ಕಿದ್ದು 1854ರಲ್ಲಿ. ಆ ಕಾಲದಲ್ಲಿ ಕೆಲಸ ಕಲಿಯಲು ಸೇರುವ ಹುಡುಗರ ಮನೆಯವರು ಕಲಿಸುವವರಿಗೇ ಹಣ ಕಟ್ಟುತ್ತಿದ್ದರು. ಭಾರತದಲ್ಲಿ 1949ರ ಕಾಯ್ದೆಯಂತೆ ಜುಲೈ 1ರಂದು ಸಿಎಗಳ ಸಂಸ್ಥೆ ಐಸಿಎಐ ಹುಟ್ಟಿತು. ಈಗ ಇಲ್ಲಿ ಕಲಿಸುವ ಸಿಎಯೇ ವಿದ್ಯಾರ್ಥಿಗೆ ಸ್ಟೈಪೆಂಡ್ ಕೊಡಬೇಕು. ಕಲಿಸುವ ಸಿಎಯನ್ನು ಕರೆಯುವುದು ‘ಪ್ರಿನ್ಸಿಪಾಲ್’ ಎಂದು. ಇಂಟರ್‌ಮೀಡಿಯೆಟ್‌ನ ಎರಡೂ ಗ್ರೂಪ್ ಪಾಸಾದವರು ಅವರ ಕೈಕೆಳಗೆ ಸೇರುತ್ತಾರೆ. 3 ವರ್ಷವಿದ್ದ ಅವಧಿ 2023ರ ಹೊಸ ಯೋಜನೆಯಲ್ಲಿ 2 ವರ್ಷಕ್ಕೆ ಇಳಿದಿದೆ.

ಸಾಮಾನ್ಯವಾಗಿ ಮೊದಲು ಸಿಗುವ ಕೆಲಸ ವೋಚಿಂಗ್. ಒಂದೊಂದೇ ವೋಚರ್ ತೆಗೆದು, ತಾರೀಖು, ಮೊತ್ತ, ಸಹಿ, ಹಿಂದೆ ಪಿನ್ ಮಾಡಿದ ಬಿಲ್ ನೋಡಿ, ಪುಸ್ತಕದ ನಮೂದಿಗೆ ತಾಳೆ ಹಾಕಿ ಟಿಕ್ ಹಾಕುವುದು. ನೋಡುವವರಿಗೆ ಬೇಸರದ ಕೆಲಸ. ಆದರೆ ಬಿಲ್ ಯಾರ ಹೆಸರಿನಲ್ಲಿದೆ, ಜಿಎಸ್‌ಟಿ ನಂಬರ್ ಇದೆಯೇ, ಈ ಖರ್ಚು ಈ ವರ್ಷದ್ದೇ ಹೌದೇ ಎಂದು ಕೇಳುವ ಅಭ್ಯಾಸ ಬೆಳೆಯುವುದು ಇಲ್ಲಿಯೇ.

ಹಿರಿಯರು ಹೇಳಿಕೊಡುವ ಉಪಾಯಗಳೂ ಇವೆ. ಎರಡು ಬದಿಯ ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯೇ ಎಂದು ಹುಡುಕಬೇಕು. 6,480 ಎಂದು ಬರೆಯಬೇಕಾದಲ್ಲಿ 4,680 ಎಂದು ಬರೆದಿದ್ದರೆ ಬರುವ ವ್ಯತ್ಯಾಸ 1,800. ಒಂಬತ್ತರ ಇನ್ನೂರು ಪಟ್ಟು. ಅದಲ್ಲದಿದ್ದರೆ ವ್ಯತ್ಯಾಸದ ಅರ್ಧ ಮೊತ್ತವನ್ನು ಹುಡುಕಬೇಕು, ಡೆಬಿಟ್ ಆಗಬೇಕಾದದ್ದು ಕ್ರೆಡಿಟ್‌ಗೆ ಹೋಗಿರಬಹುದು. ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಬರೆದರೆ ಎರಡೂ ಬದಿ ತಾನಾಗಿ ಕೂಡುತ್ತದೆ, ನಿಜ. ಆದರೆ ಬ್ಯಾಂಕ್ ಸ್ಟೇಟ್‌ಮೆಂಟಿಗೆ ಪುಸ್ತಕವನ್ನು ಹೊಂದಿಸುವಾಗ, ಪಾರ್ಟಿಯ ಲೆಡ್ಜರ್ ತಾಳೆ ನೋಡುವಾಗ ಈ ಉಪಾಯಗಳು ಇಂದಿಗೂ ಕೆಲಸಕ್ಕೆ ಬರುತ್ತವೆ.

ಮಾರ್ಚ್ ಮುಗಿಯುವ ಹೊತ್ತಿಗೆ ಕಲಿಕೆ ಕಚೇರಿಯಿಂದ ಹೊರಗೆ ಬರುತ್ತದೆ. ಗಂಗಾವತಿ ಕಡೆಯ ರೈಸ್ ಮಿಲ್‌ನಲ್ಲಿ ಸ್ಟಾಕ್ ಎಣಿಸಬೇಕೆಂದಿಟ್ಟುಕೊಳ್ಳಿ. ಚೀಲದ ಅಟ್ಟಿ ಉದ್ದಕ್ಕೆ 20, ಅಗಲಕ್ಕೆ 12, ಎತ್ತರಕ್ಕೆ 10 ಎಂದರೆ 2,400 ಚೀಲ. ಆದರೆ ಅಟ್ಟಿಯ ನಡುವೆ ಟೊಳ್ಳಿದ್ದರೆ? ಹಾಗಾಗಿ ಮೇಲೆ ಹತ್ತಿ ನೋಡಬೇಕು, ಕೆಲವು ಚೀಲಗಳನ್ನು ತೂಗಿಸಬೇಕು. ಪುಸ್ತಕದಲ್ಲಿರುವ ಮಾಲು ಗೋದಾಮಿನಲ್ಲಿದೆಯೇ ಎಂದು ನೋಡಿದರೆ ಸಾಲದು, ಗೋದಾಮಿನಲ್ಲಿರುವ ಮಾಲು ಪುಸ್ತಕದಲ್ಲಿದೆಯೇ ಎಂದೂ ನೋಡಬೇಕು. 31ರ ಸಂಜೆ ಬಂದಿಳಿದ ಲೋಡಿನ ಬಿಲ್ ಏಪ್ರಿಲ್‌ಗೆ ಜಾರಿದ್ದರೆ ಅದೂ ಆಗ ಸಿಕ್ಕಿಬೀಳುತ್ತದೆ.

ಏಪ್ರಿಲ್ ಬಂತೆಂದರೆ ಬ್ಯಾಂಕ್ ಶಾಖೆಗಳ ಆಡಿಟ್. ಸಾಮಾನ್ಯ ಸಾಲದ ಕಂತು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಅದು ಅನುತ್ಪಾದಕ ಸಾಲ, ಅಂದರೆ ಎನ್‌ಪಿಎ ಎಂದು ಪುಸ್ತಕದಲ್ಲಿ ಓದಿರುತ್ತಾರೆ. ಅಲ್ಪಾವಧಿ ಬೆಳೆಗೆ ಕೊಟ್ಟ ಸಾಲಕ್ಕೆ ಮಾತ್ರ ಎರಡು ಬೆಳೆ ಹಂಗಾಮಿನ ಗಡುವು. ಈ ನಿಯಮ ಯಾಕೆ ಬೇರೆ ಎಂಬುದು ಗ್ರಾಮೀಣ ಶಾಖೆಯೊಂದರಲ್ಲಿ ಸಾಲದ ಕಡತಗಳನ್ನು ಬಿಡಿಸಿ ಕುಳಿತಾಗ ತಿಳಿಯುತ್ತದೆ. ರೈತನ ಕೈಗೆ ದುಡ್ಡು ಬರುವುದು ತಿಂಗಳ ಮೊದಲ ತಾರೀಖಿಗಲ್ಲ, ಸುಗ್ಗಿಗೆ.

ಎಲ್ಲ ಕಚೇರಿಗಳೂ ಒಂದೇ ಮನಸ್ಸಿನಿಂದ ಕಲಿಸುತ್ತವೆ ಎನ್ನಲಾಗದು. ಜೆರಾಕ್ಸ್ ಮಾಡಿಸುವುದರಲ್ಲಿ, ರಿಟರ್ನ್ ಅಪ್‌ಲೋಡ್ ಮಾಡುವುದರಲ್ಲಿ ಎರಡು ವರ್ಷ ಕಳೆದುಹೋಗುವ ವಿದ್ಯಾರ್ಥಿಗಳೂ ಇದ್ದಾರೆ. ಸೇರುವ ಮುನ್ನ ಅಲ್ಲಿನ ಹಿರಿಯ ಆರ್ಟಿಕಲ್‌ಗಳನ್ನು ವಿಚಾರಿಸುವುದು ಒಳ್ಳೆಯದು. ಯಾವ ಯಾವ ಆಡಿಟ್‌ಗೆ ಕಳಿಸುತ್ತಾರೆ, ತಪ್ಪಾದರೆ ಕೂರಿಸಿಕೊಂಡು ತಿದ್ದುತ್ತಾರೆಯೇ ಎಂಬುದು ಸ್ಟೈಪೆಂಡ್‌ಗಿಂತ ಮುಖ್ಯ.

ಆದರೆ ಈ ಭಾಗ್ಯ ಸಿಎ ಓದುವವರಿಗಷ್ಟೇ ಏಕೆ ಇರಬೇಕು? ಬಿ.ಕಾಂ. ಮುಗಿಸಿ ನೇರ ಕೆಲಸ ಹುಡುಕುವವರೇ ಹೆಚ್ಚು. ಅವರಿಗೂ ಹೀಗೆ ಕಲಿಯುವ ಜಾಗಗಳಿಗೆ ಕೊರತೆಯಿಲ್ಲ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಹಾಲು ಉತ್ಪಾದಕರ ಸಂಘ, ಪತ್ತಿನ ಸಂಘ ಇಲ್ಲದ ತಾಲ್ಲೂಕಿಲ್ಲ. ಕಾಲೇಜುಗಳು ಅವುಗಳೊಂದಿಗೆ ಮಾತಾಡಿ, ವಿದ್ಯಾರ್ಥಿಗಳನ್ನು ಒಂದು ಸೆಮಿಸ್ಟರ್ ಕ್ಯಾಶ್ ಬುಕ್ ಮುಂದೆ ಕೂರಿಸಲಿ. ದೂರವೆನಿಸಿದರೆ ತಮ್ಮದೇ ಹಾಸ್ಟೆಲ್ ಮೆಸ್ಸಿನ ಲೆಕ್ಕದಿಂದ ಶುರುಮಾಡಲಿ. ವಾಣಿಜ್ಯ ವಿಭಾಗದ ಅಧ್ಯಾಪಕರು ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಟ್ಟಡವೂ ಬೇಡ, ದೊಡ್ಡ ಅನುದಾನವೂ ಬೇಡ. ಬರುವ ಸೆಮಿಸ್ಟರಿನಲ್ಲೇ ಆರಂಭಿಸಬಹುದು.