‘ಲಾಯ್ಕುಂಟು’ ಮತ್ತು ‘ಲಾಯ್ಕುಂಟಂತೆ’: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಿನಿಮಾ ಮಾತುಕತೆಯಲ್ಲಿ ವರದಿಸೂಚಕಗಳು

ಸಾರಾಂಶ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಪ್ರದೇಶಗಳಲ್ಲಿ ಚಲನಚಿತ್ರಗಳ ಕುರಿತು ನಡೆಯುವ ದಿನನಿತ್ಯದ ಮಾತಿನಲ್ಲಿ ಕನ್ನಡದ ‘ಅಂತೆ’ ಮತ್ತು ತುಳುವಿನ ‘ಗೆ’ ಎಂಬ ವರದಿಸೂಚಕಗಳು ನಿರ್ವಹಿಸುವ ಕೆಲಸವನ್ನು ಈ ಲೇಖನವು ವಿವರಿಸುತ್ತದೆ. ಈ ರೂಪಗಳು ಕೇಳಿದ ಮಾತನ್ನು ಗುರುತಿಸುವುದಷ್ಟನ್ನೇ ಮಾಡುವುದಿಲ್ಲ. ಚಿತ್ರವನ್ನು ಕಣ್ಣಾರೆ ನೋಡಿದವರು ಮಾತಿನ ಸರಪಳಿಯಲ್ಲಿ ಎಲ್ಲೋ ಒಬ್ಬರಿದ್ದಾರೆ ಎಂಬ ಹೊಣೆಯನ್ನೂ ಸೂಚಿಸುತ್ತವೆ ಎಂಬುದು ನಮ್ಮ ವಾದ. ಈ ಅಂಶವನ್ನು ಬಿಟ್ಟು ಅಭಿಪ್ರಾಯಗಳನ್ನು ಹೊಗಳಿಕೆ–ತೆಗಳಿಕೆ ಎಂದು ವಿಂಗಡಿಸುವ ದತ್ತಾಂಶ ಕೋಶಗಳು ಯಾರ ಅಭಿಪ್ರಾಯವನ್ನು ದಾಖಲಿಸುತ್ತಿವೆ ಎಂಬ ಪ್ರಶ್ನೆಯನ್ನೂ ಕೊನೆಯಲ್ಲಿ ಎತ್ತಲಾಗಿದೆ.

ಮುಖ್ಯ ಪದಗಳು: ಸಾಕ್ಷ್ಯಸೂಚಕತೆ, ವರದಿಸೂಚಕ, ಕರಾವಳಿ ಕನ್ನಡ, ತುಳು, ರುಚಿವಾಚಕ ಆಖ್ಯಾತ, ದ್ವಿಭಾಷಿಕತೆ

1. ಪೀಠಿಕೆ

ಹೊಸ ಚಿತ್ರವೊಂದರ ಬಗ್ಗೆ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲೋ ಉಜಿರೆಯ ಹೋಟೆಲಿನಲ್ಲೋ ಮಾತು ಆರಂಭವಾದಾಗ ಕೇಳುಗರು ಮೊದಲು ತಿಳಿಯಬಯಸುವುದು ಚಿತ್ರ ಹೇಗಿದೆ ಎಂಬುದನ್ನಲ್ಲ, ಹೇಳುತ್ತಿರುವವರು ಅದನ್ನು ನೋಡಿದ್ದಾರೆಯೇ ಎಂಬುದನ್ನು. ಇದಕ್ಕೆ ಲೌಕಿಕ ಕಾರಣವೂ ಇದೆ. ದೊಡ್ಡ ಪರದೆಯ ಹೊಸ ಚಿತ್ರಕ್ಕಾಗಿ ಮಂಗಳೂರಿಗೆ ಹೋಗುವುದೆಂದರೆ ಬೆಳ್ತಂಗಡಿಯವರಿಗೆ ಸುಮಾರು 60 ಕಿಲೋಮೀಟರುಗಳ ದಾರಿ. ಅರ್ಧ ದಿನ, ಬಸ್ಸಿನ ಖರ್ಚು, ಟಿಕೆಟಿನ ಹಣ ಇವೆಲ್ಲವೂ ಇನ್ನೊಬ್ಬರ ಮಾತನ್ನು ನಂಬಿ ತೊಡಗಿಸಬೇಕಾದವು. ಆ ಮಾತಿನ ಆಕರ ಯಾವುದೆಂದು ತಿಳಿಸುವ ವ್ಯಾಕರಣಾಂಶವು ಇಲ್ಲಿ ಅಲಂಕಾರವಲ್ಲ, ಅಗತ್ಯ.

ಈ ಪ್ರದೇಶದ ಭಾಷಿಕ ಸ್ಥಿತಿ ಸುಪರಿಚಿತ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಭಾಷೆಗಳು ಒಂದೇ ಪೇಟೆಯಲ್ಲಿ ಬಳಕೆಯಲ್ಲಿವೆ. ಹವ್ಯಕ ಕನ್ನಡವೂ ಇದೆ. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿಯೆಂದು ಹೇಳಿದವರು ದೇಶದಲ್ಲಿ 18 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲಿನವರು ಈ ಕರಾವಳಿಯವರೇ. ಸಿನಿಮಾ ಕೂಡ ಹೀಗೆಯೇ ಬಹುಭಾಷಿಕ. 1971ರಲ್ಲಿ ತೆರೆಕಂಡ ‘ಎನ್ನ ತಂಗಡಿ’ಯಿಂದ ಮೊದಲಾದ ತುಳು ಚಿತ್ರಪರಂಪರೆ ಒಂದೆಡೆ, ‘ಒಂದು ಮೊಟ್ಟೆಯ ಕಥೆ’ (2017), ‘ಕಾಂತಾರ’ (2022), ‘ಸು ಫ್ರಮ್ ಸೋ’ (2025) ಮುಂತಾದ, ಕರಾವಳಿಯ ಕನ್ನಡವನ್ನು ತೆರೆಗೆ ತಂದ ಚಿತ್ರಗಳು ಇನ್ನೊಂದೆಡೆ. ಒಂದೇ ಚಿತ್ರದ ಬಗ್ಗೆ ಒಬ್ಬನೇ ವ್ಯಕ್ತಿ ಬೆಳಿಗ್ಗೆ ತುಳುವಿನಲ್ಲಿಯೂ ಸಂಜೆ ಕನ್ನಡದಲ್ಲಿಯೂ ಮಾತನಾಡುತ್ತಾನೆ.

ಕೆಳಗಿನ ಉದಾಹರಣೆಗಳು ಈ ಆಡುಮಾತಿನ ಪರಿಚಯವನ್ನು ಆಧರಿಸಿ ವಿವರಣೆಗಾಗಿ ನಾವೇ ರಚಿಸಿದವು. ‘#’ ಚಿಹ್ನೆಯು ವ್ಯಾಕರಣಬದ್ಧವಾಗಿದ್ದರೂ ಸಂದರ್ಭಕ್ಕೆ ಒಗ್ಗದ ವಾಕ್ಯವನ್ನು ಸೂಚಿಸುತ್ತದೆ.

2. ಎರಡು ‘ಅಂತೆ’ಗಳು

ಚರ್ಚೆಗೆ ಮುನ್ನ ರೂಪಸಾಮ್ಯದ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಎರಡು ‘ಅಂತೆ’ಗಳಿವೆ. ಮೊದಲನೆಯದು ‘ಅಂತು, ಇಂತು, ಎಂತು’ಗಳ ಬಳಗಕ್ಕೆ ಸೇರಿದ ರೀತಿವಾಚಕ. ಇದು ಕೃದಂತ ವಿಶೇಷಣಕ್ಕೆ ಹತ್ತುತ್ತದೆ. ಎರಡನೆಯದು ‘ಎನ್ನು’ ಧಾತುವಿಗೆ ಸಂಬಂಧಿಸಿದ ವರದಿಸೂಚಕ. ಇದು ಪೂರ್ಣಕ್ರಿಯಾಪದಕ್ಕೆ ಅಥವಾ ನಾಮ ಆಖ್ಯಾತಕ್ಕೆ ಹತ್ತುತ್ತದೆ. ಮಲ್ಪೆಯ ಹಿನ್ನೆಲೆಯಲ್ಲಿ ರಕ್ಷಿತ್ ಶೆಟ್ಟಿಯವರು ನಿರ್ದೇಶಿಸಿದ 2014ರ ಚಿತ್ರದ ಹೆಸರು ಈ ವ್ಯತ್ಯಾಸಕ್ಕೆ ಅನುಕೂಲಕರ ನಿದರ್ಶನ.

(1) ಉಳಿದವರು ಕಂಡಂತೆ (ಕಂಡ + ಅಂತೆ): ಉಳಿದವರು ಕಂಡ ರೀತಿಯಲ್ಲಿ

(2) ಉಳಿದವರು ಕಂಡರಂತೆ (ಕಂಡರು + ಅಂತೆ): ಉಳಿದವರು ಕಂಡರೆಂದು ಕೇಳಿಬಂದಿದೆ

(1)ರಲ್ಲಿ ಕಂಡವರ ಸಾಕ್ಷ್ಯವೇ ಕಥನದ ಆಧಾರ. (2)ರಲ್ಲಿ ಅವರು ಕಂಡರೆಂಬುದೇ ಇನ್ನೊಬ್ಬರ ಮಾತು. ಲಿಂಗ–ವಚನ ಪ್ರತ್ಯಯವೊಂದರ ಇರುವಿಕೆಯು ಸಾಕ್ಷಿಯನ್ನು ಒಂದು ಹೆಜ್ಜೆ ದೂರಕ್ಕೆ ಸರಿಸುತ್ತದೆ. ‘ಆಮೇಲೆ ನೋಡುವೆಯಂತೆ’ ಎಂಬಲ್ಲಿ ಸಮಾಧಾನಪಡಿಸುವ ಇನ್ನೊಂದು ಬಳಕೆಯೂ ಇದೆ. ಅಲ್ಲಿ ವರದಿಯ ಅರ್ಥವಿಲ್ಲದ ಕಾರಣ ಅದನ್ನು ಇಲ್ಲಿ ಪರಿಗಣಿಸಿಲ್ಲ.

ವರದಿಸೂಚಕ ‘ಅಂತೆ’ಯು ವಾಕ್ಯದ ಹೊರಗೋಡೆಯಲ್ಲಿ ನಿಲ್ಲುತ್ತದೆ. ಇದಕ್ಕೆ ನಿಷೇಧವು ಸಾಕ್ಷಿ.

(3) ಪಿಚ್ಚರ್ ಲಾಯ್ಕಿಲ್ಲಂತೆ.

ಇದರ ಅರ್ಥ ‘ಚೆನ್ನಾಗಿಲ್ಲವೆಂದು ಹೇಳುತ್ತಾರೆ’ ಎಂಬುದೊಂದೇ; ‘ಚೆನ್ನಾಗಿದೆಯೆಂದು ಯಾರೂ ಹೇಳುತ್ತಿಲ್ಲ’ ಎಂಬ ಅರ್ಥ ಇದಕ್ಕೆ ಬರುವುದಿಲ್ಲ. ನಿಷೇಧವು ವರದಿಯ ಒಳಗಿದೆ, ವರದಿಯು ನಿಷೇಧದ ಒಳಗಿಲ್ಲ.

3. ತುಳುವಿನ ‘ಗೆ’

ತುಳುವಿನಲ್ಲಿ ಇದೇ ಸ್ಥಾನವನ್ನು ‘ಗೆ’ ಎಂಬ ಒಟ್ಟುರೂಪವು ತುಂಬುತ್ತದೆ.

(4) ಪಿಚ್ಚರ್ ಎಡ್ಡೆ ಉಂಡು. (ಚಿತ್ರ ಚೆನ್ನಾಗಿದೆ.)

(5) ಪಿಚ್ಚರ್ ಎಡ್ಡೆ ಉಂಡುಗೆ. (ಚಿತ್ರ ಚೆನ್ನಾಗಿದೆಯಂತೆ.)

(6) ಅಂಚಗೆ. (ಹಾಗಂತೆ.)

‘ಹೇಳು’ ಎಂಬರ್ಥದ ತುಳು ಧಾತು ‘ಪಣ್’. ‘ಅಂತೆ’ಯ ಹಿಂದೆ ‘ಎನ್ನು’ ಕಾಣುವಂತೆ ‘ಗೆ’ಯ ಹಿಂದೆ ‘ಪಣ್’ ಮೇಲ್ನೋಟಕ್ಕೆ ಕಾಣುವುದಿಲ್ಲ. ರಚನೆ ಬೇರೆ, ಕೆಲಸ ಸಮೀಪ. ತಮಿಳಿನ ‘ಆಮ್’, ತೆಲುಗಿನ ‘ಅಟ’, ನೆರೆಯ ಕೊಂಕಣಿಯ ‘ಖಂಯ್’ ರೂಪಗಳನ್ನು ಜೊತೆಗಿಟ್ಟು ನೋಡಿದರೆ, ವಾಕ್ಯಾಂತ್ಯದಲ್ಲಿ ವರದಿಯನ್ನು ಗುರುತಿಸುವುದು ಭಾಷಾಕುಟುಂಬದ ಗಡಿಯನ್ನು ಮೀರಿದ ಪ್ರಾದೇಶಿಕ ಲಕ್ಷಣವೆಂದು ತೋರುತ್ತದೆ. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ಬರುವ ‘ಇಟ್ ಸೀಮ್ಸ್’ ಕೂಡ ಇದೇ ಜಾಗವನ್ನು ತುಂಬಲು ಬಂದದ್ದು.

ಐಖೆನ್ವಾಲ್ಡ್ (2004) ಅವರು ಆಕರವನ್ನು ಹೆಸರಿಸದ ವರದಿಸೂಚಕಕ್ಕೂ ಆಡಿದವರನ್ನು ನಿರ್ದಿಷ್ಟವಾಗಿ ಸೂಚಿಸುವ ಉಕ್ತಿಸೂಚಕಕ್ಕೂ ಭೇದವನ್ನು ಕಲ್ಪಿಸುತ್ತಾರೆ. ಕನ್ನಡದಲ್ಲಿ ಈ ಎರಡು ಕೆಲಸಗಳನ್ನು ಒಂದೇ ಬಳಗದ ‘ಅಂತೆ’ ಮತ್ತು ‘ಅಂತ’ ಹಂಚಿಕೊಂಡಿವೆ: ‘ಲಾಯ್ಕುಂಟಂತೆ’ ಎಂದರೆ ಆಕರ ಅನಾಮಧೇಯ, ‘ಲಾಯ್ಕುಂಟು ಅಂತ ಅಣ್ಣ ಹೇಳಿದ’ ಎಂದರೆ ಅಣ್ಣನೇ ಹೊಣೆ.

4. ರುಚಿವಾಚಕಗಳು ಮತ್ತು ನೋಡಿದವರ ಸರಪಳಿ

ಇಲ್ಲಿಂದ ಮುಂದೆ ಸಿನಿಮಾ ಮಾತು ವಿಶೇಷವಾಗಿ ಉಪಯುಕ್ತವಾಗುತ್ತದೆ. ‘ಲಾಯ್ಕ’, ‘ಎಡ್ಡೆ’, ‘ಬೋರ್’ ಮೊದಲಾದವು ವೈಯಕ್ತಿಕ ರುಚಿಯನ್ನು ಹೇಳುವ ಆಖ್ಯಾತಗಳು. ಇಂಥ ಆಖ್ಯಾತವನ್ನು ಮುಚ್ಚುಮರೆಯಿಲ್ಲದೆ ಬಳಸಿದವರು ಆ ವಸ್ತುವನ್ನು ಸ್ವತಃ ಅನುಭವಿಸಿದ್ದಾರೆ ಎಂಬ ಅನುಮಾನ ಕೇಳುಗರಲ್ಲಿ ತಾನಾಗಿ ಹುಟ್ಟುತ್ತದೆ. ನೈನನ್ (2014) ಚರ್ಚಿಸಿದ ಈ ‘ಪರಿಚಯಾನುಮಾನ’ವು ಕರಾವಳಿ ಕನ್ನಡದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

(7) #ಪಿಚ್ಚರ್ ಲಾಯ್ಕುಂಟು, ಆದ್ರೆ ನಾನು ನೋಡ್ಲಿಲ್ಲ.

(8) ಪಿಚ್ಚರ್ ಲಾಯ್ಕುಂಟಂತೆ, ನಾನು ನೋಡ್ಲಿಲ್ಲ.

(9) ಪಿಚ್ಚರ್ ಎರಡು ಗಂಟೆ ಉಂಟು, ನಾನು ನೋಡ್ಲಿಲ್ಲ.

(9)ರಲ್ಲಿ ಹೇಳಿದ ಸಂಗತಿಯನ್ನು ಜಾಹೀರಾತಿನಿಂದಲೂ ತಿಳಿಯಬಹುದು. ಆದ್ದರಿಂದ ಅದಕ್ಕೆ ‘ಅಂತೆ’ ಕಡ್ಡಾಯವಲ್ಲ. (7)ರ ತೊಡಕು ರುಚಿವಾಚಕದಿಂದ ಬಂದದ್ದು. (8)ರಲ್ಲಿ ‘ಅಂತೆ’ ಅದನ್ನು ನಿವಾರಿಸುತ್ತದೆ.

‘ಅಂತೆ’ಯು ಪರಿಚಯಾನುಮಾನವನ್ನು ಅಳಿಸಿಬಿಡುತ್ತದೆ ಎಂಬುದು ಸಾಮಾನ್ಯ ಗ್ರಹಿಕೆ. ಅದು ಅಳಿಸುವುದಿಲ್ಲ, ವರ್ಗಾಯಿಸುತ್ತದೆ ಎಂಬುದು ನಮ್ಮ ಗ್ರಹಿಕೆ. (8)ನ್ನು ಹೇಳಿದವರು ನೋಡಿಲ್ಲ. ಆದರೆ ಮಾತು ಸಾಗಿಬಂದ ಸರಪಳಿಯ ತುದಿಯಲ್ಲಿ ಯಾರೋ ಒಬ್ಬರು ನೋಡಿರಲೇಬೇಕು. ಬಿಡುಗಡೆಯಾಗದ ಚಿತ್ರಗಳು ಇದನ್ನು ಪರೀಕ್ಷಿಸಲು ನೆರವಾಗುತ್ತವೆ. ತೆರೆಕಾಣಲು ಇನ್ನೂ ತಿಂಗಳುಗಳಿರುವ ಚಿತ್ರದ ಬಗ್ಗೆ:

(10) #ಲಾಯ್ಕುಂಟಂತೆ.

(11) ಲಾಯ್ಕಿರ್ತದಂತೆ.

(12) ಲಾಯ್ಕಿರಬಹುದು.

(10)ನ್ನು ಕೇಳಿದವರ ಸಹಜ ಪ್ರತಿಕ್ರಿಯೆ ‘ಯಾರು ನೋಡಿದ್ದು?’ ಎಂಬ ಪ್ರಶ್ನೆ. ಸಂಕಲನದ ಕೋಣೆಯಲ್ಲಿ ಕುಳಿತವರ ಪರಿಚಯವಿದ್ದರೆ ಆ ವಾಕ್ಯ ಸಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. (11)ರಲ್ಲಿ ವರದಿಯಾದದ್ದು ಅನುಭವವಲ್ಲ, ನಿರೀಕ್ಷೆ. ನಿರೀಕ್ಷೆಗೆ ಪ್ರೇಕ್ಷಕ ಬೇಕಿಲ್ಲ. ಒಳಗಿನ ಕ್ರಿಯಾಪದದ ಕಾಲವು ಬದಲಾದಾಗ ಹೊರಗಿನ ‘ಅಂತೆ’ಯು ಬೇಡುವ ಸಾಕ್ಷಿಯೂ ಬದಲಾಗುತ್ತದೆ. ತುಳುವಿನ ‘ಎಡ್ಡೆ ಉಂಡುಗೆ’ಯ ವಿಷಯದಲ್ಲಿಯೂ ಇದೇ ನಿರ್ಬಂಧ ಕಾಣುತ್ತದೆ. ಆದರೆ ‘ಕಾಂತಾರ’ವು ಕನ್ನಡದಲ್ಲಿ ಬಿಡುಗಡೆಯಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ತುಳುವಿನಲ್ಲಿ ಬರುವ ಮುನ್ನ ಸಹಜವಾಗಿ ಆಡಬಹುದಾಗಿದ್ದ ‘ತುಳುಟ್ಲಾ ಬರ್ಪುಂಡುಗೆ’ (ತುಳುವಿನಲ್ಲಿಯೂ ಬರುತ್ತದಂತೆ) ಎಂಬ ವಾಕ್ಯಕ್ಕೆ ಯಾವ ನಿರ್ಬಂಧವೂ ಇಲ್ಲ. ಅಲ್ಲಿ ರುಚಿವಾಚಕವೇ ಇಲ್ಲ.

5. ಪ್ರಶ್ನೆ, ಉತ್ತಮ ಪುರುಷ, ನಿರಾಕರಣೆ

ಪ್ರಶ್ನೆಯಲ್ಲಿ ವರದಿಸೂಚಕವು ಕೇಳುವವರ ಆಕರವನ್ನಲ್ಲ, ಉತ್ತರಿಸುವವರ ಆಕರವನ್ನು ಊಹಿಸುತ್ತದೆ.

(13) ಹೇಗುಂಟು? / ಎಂಚ ಉಂಡು?

(14) ಹೇಗುಂಟಂತೆ? / ಎಂಚ ಉಂಡುಗೆ?

(13)ನ್ನು ನೋಡಿ ಬಂದವರಿಗೆ ಕೇಳುತ್ತಾರೆ, (14)ನ್ನು ನೋಡದವರಿಗೆ. ಇನ್ನೂ ನೋಡದ ಗೆಳೆಯನಿಗೆ (13)ನ್ನು ಕೇಳಿದರೆ ಅವನು ಮೊದಲು ‘ನಾನು ನೋಡ್ಲಿಲ್ಲ ಮಾರಾಯ’ ಎಂದು ಪ್ರಶ್ನೆಯ ಪೂರ್ವಗ್ರಹಿಕೆಯನ್ನು ತಿದ್ದಿ, ಆಮೇಲೆ ‘ಲಾಯ್ಕುಂಟಂತೆ’ ಎನ್ನುತ್ತಾನೆ. ತುಳುವಿನಲ್ಲಿ ಇದಕ್ಕಿಂತ ಮುಂಚೆಯೇ ‘ಈ ತೂತನಾ?’ (ನೀನು ನೋಡಿದ್ದೀಯಾ?) ಎಂಬ ಪ್ರಶ್ನೆ ಬರುವುದುಂಟು. ಅನುಭವ ಈಗಲೂ ಕೈಯಲ್ಲಿದೆಯೇ ಎಂದು ಕೇಳುವುದಕ್ಕೆ ಅಲ್ಲಿ ಸರಳ ಭೂತದ ‘ತೂಯನಾ’ಕ್ಕಿಂತ ಪೂರ್ಣವಾಚಿಯಾದ ‘ತೂತನಾ’ ಹೆಚ್ಚು ಒಗ್ಗುತ್ತದೆ.

ಉತ್ತಮ ಪುರುಷದೊಡನೆ ‘ಅಂತೆ’ ಎರಡು ರೀತಿಯಲ್ಲಿ ಅರ್ಥವಾಗುತ್ತದೆ.

(15) ಸಣ್ಣದಿರುವಾಗ ಟಾಕೀಸಿನಲ್ಲಿ ನಾನು ಜೋರು ಅತ್ತಿದ್ದೆನಂತೆ.

(16) ನಿನ್ನೆ ನಾನು ಆ ಪಿಚ್ಚರ್ ನೋಡಿದೆನಂತೆ!

(15)ರಲ್ಲಿ ಮಾತನಾಡುವವರಿಗೆ ತಮ್ಮದೇ ಅನುಭವದ ನೆನಪಿಲ್ಲ; ಮನೆಯವರ ಮಾತೇ ಆಧಾರ. (16)ರಲ್ಲಿ ನೆನಪು ಇರಲೇಬೇಕಾದ ಸಂಗತಿಗೆ ಅನ್ಯರ ಮಾತಿನ ಗುರುತು ಹತ್ತಿದೆ. ಆದ್ದರಿಂದ ಕೇಳುಗರು ಅದನ್ನು ನಿರಾಕರಣೆಯಾಗಿಯೇ ಗ್ರಹಿಸುತ್ತಾರೆ: ಹಾಗೆಂದು ಯಾರೋ ಸುಳ್ಳು ಹೇಳಿದ್ದಾರೆ. ‘ದೊಡ್ಡ ಹೀರೋ ಅಂತೆ’ ಎಂಬ ವ್ಯಂಗ್ಯವೂ ಈ ಕಾರಣದಿಂದಲೇ ಹುಟ್ಟುತ್ತದೆ. ಎಲ್ಲರೂ ಕಣ್ಣಾರೆ ತಿಳಿಯಬಹುದಾದುದನ್ನು ಕೇಳಿದ ಮಾತೆಂದು ಹೇಳುವುದೇ ಅದರಿಂದ ದೂರ ನಿಲ್ಲುವ ಬಗೆ. ವ್ಯಂಗ್ಯಕ್ಕೆ ಪ್ರತ್ಯೇಕ ‘ಅಂತೆ’ಯೊಂದನ್ನು ಕಲ್ಪಿಸುವ ಅಗತ್ಯವಿಲ್ಲ.

6. ಅಭಿಮಾನಿಯ ವಾಕ್ಯ

ಅಭಿಮಾನಿಯ ಮಾತು ಈ ವ್ಯವಸ್ಥೆಗೆ ಎದುರಾಗಿ ನಿಂತಂತೆ ಕಾಣುತ್ತದೆ. ಮೆಚ್ಚಿನ ನಟನ ಮುಂಬರುವ ಚಿತ್ರದ ಬಗ್ಗೆ ಅವನು ‘ಹಿಟ್ ಆಗ್ತದಂತೆ’ ಎನ್ನುವುದಿಲ್ಲ. ‘ಹಿಟ್ ಆಗಿಯೇ ಆಗ್ತದೆ’ ಎನ್ನುತ್ತಾನೆ. ಬಳಿಯಲ್ಲಿ ಸಾಕ್ಷ್ಯವಿಲ್ಲದಿದ್ದರೂ ವರದಿಸೂಚಕವನ್ನು ಬಿಟ್ಟು ಅವಧಾರಣೆಯ ‘ಏ’ಯನ್ನು ತರುತ್ತಾನೆ. ಇದನ್ನು ನಿಯಮಭಂಗವೆನ್ನಲಾಗದು. ‘ಆಗ್ತದೆ’ ಎಂಬ ಭವಿಷ್ಯಕ್ಕೆ ನೋಡಿದವರು ಬೇಕಿಲ್ಲವಾದ್ದರಿಂದ ಅಭಿಮಾನಿ ಸುಳ್ಳು ಸಾಕ್ಷಿ ನುಡಿದಂತಾಗುವುದಿಲ್ಲ. ಅವನು ಮಾಡುವುದು ಹೊಣೆಯನ್ನು ಹೊರುವುದು. ‘ಅಂತೆ’ ಹಾಕಿದರೆ ಸೋತಾಗ ಜಾರಿಕೊಳ್ಳಲು ದಾರಿಯಿರುತ್ತದೆ; ಅದನ್ನು ಬಿಟ್ಟುಕೊಡುವುದೇ ನಿಷ್ಠೆಯ ಗುರುತು. ಅದೇ ಅಭಿಮಾನಿ ಚಿತ್ರವನ್ನು ನೋಡದೆ ‘ಲಾಯ್ಕುಂಟು’ ಎಂದು ಹೇಳಿ ಸಿಕ್ಕಿಬಿದ್ದರೆ ಗೆಳೆಯರು ಅವನನ್ನು ಕ್ಷಮಿಸುವುದಿಲ್ಲ. ಭವಿಷ್ಯದ ಉತ್ಪ್ರೇಕ್ಷೆಗೆ ಅವಕಾಶವಿದೆ, ವರ್ತಮಾನದ ಹುಸಿಸಾಕ್ಷ್ಯಕ್ಕಿಲ್ಲ.

2025ರ ಜುಲೈ 25ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ ಚಿತ್ರವು ಬಾಯಿಮಾತಿನ ಬಲದಿಂದಲೇ ಬೆಳೆದದ್ದು ಸರ್ವವಿದಿತ. ಕರಾವಳಿಯ ಹಳ್ಳಿಯೊಂದರಲ್ಲಿ ಮೈಮೇಲೆ ಪ್ರೇತ ಬಂದಿದೆಯೆಂಬ ಸೋಗು ಊರವರ ನಾಲಗೆಯಲ್ಲಿ ನಿಜವಾಗಿ ಬೆಳೆಯುವುದೇ ಅದರ ಕಥಾವಸ್ತು. ಸೋಗಿನ ಸುದ್ದಿಯ ಸರಪಳಿಯಲ್ಲಿ ‘ಅಂತೆ’ಯ ತುದಿಗೆ ಪ್ರೇತವನ್ನು ನಿಜವಾಗಿ ಕಂಡವರಿರಲಿಲ್ಲ, ಚಿತ್ರದ ಬಗೆಗಿನ ‘ಲಾಯ್ಕುಂಟಂತೆ’ಯ ತುದಿಗೆ ಟಿಕೆಟು ಕೊಂಡು ನೋಡಿದವರಿದ್ದರು. ಎರಡಕ್ಕೂ ವ್ಯಾಕರಣ ಒಂದೇ. ವರದಿಸೂಚಕವು ಸಾಕ್ಷಿಯಿದ್ದಾರೆಂಬ ಭರವಸೆಯನ್ನು ಕೊಡುತ್ತದೆಯೇ ಹೊರತು ಸಾಕ್ಷಿಯನ್ನು ಹಾಜರುಪಡಿಸುವುದಿಲ್ಲ.

7. ದತ್ತಾಂಶ ಕೋಶಗಳ ಪ್ರಶ್ನೆ

ಇದು ಕೇವಲ ಶಾಸ್ತ್ರೀಯ ಕುತೂಹಲವಲ್ಲ. 2020ರಲ್ಲಿ ಪ್ರಕಟವಾದ ‘ಕ್ಯಾನ್‌ಸಿಎಂಡಿ’ ಎಂಬ ಕನ್ನಡ–ಇಂಗ್ಲಿಷ್ ಮಿಶ್ರಭಾಷಾ ಕೋಶವು ಯೂಟ್ಯೂಬಿನ ಪ್ರತಿಕ್ರಿಯೆಗಳನ್ನು ಹೊಗಳಿಕೆ, ತೆಗಳಿಕೆ, ಮಿಶ್ರ, ತಟಸ್ಥ ಮುಂತಾದ ವರ್ಗಗಳಲ್ಲಿ ಗುರುತಿಸಿದೆ. 2023ರಲ್ಲಿ ತುಳುವಿಗೂ ಇಂಥ ಭಾವವಿಶ್ಲೇಷಣೆಯ ಸಾಮೂಹಿಕ ಕಾರ್ಯ ನಡೆಯಿತು. ಅಲ್ಪ ಸಂಪನ್ಮೂಲದ ಭಾಷೆಗಳಿಗೆ ಈ ಪ್ರಯತ್ನಗಳು ಅಮೂಲ್ಯ. ಆದರೆ ಈ ವರ್ಗಗಳಲ್ಲಿ ‘ಲಾಯ್ಕುಂಟಂತೆ’ಯನ್ನು ಎಲ್ಲಿಡಬೇಕು? ‘ಲಾಯ್ಕ’ ಪದವನ್ನು ನೋಡಿದರೆ ಹೊಗಳಿಕೆ, ಮಾತನಾಡಿದವರು ಬದ್ಧರಾಗಿಲ್ಲವೆಂದರೆ ತಟಸ್ಥ, ವ್ಯಂಗ್ಯವಾದರೆ ತೆಗಳಿಕೆ. ನಾವೂ ಆರಂಭದಲ್ಲಿ ಇಂಥ ವಾಕ್ಯಗಳನ್ನು ಹೊಗಳಿಕೆಯ ಸಾಲಿಗೇ ಸೇರಿಸುತ್ತಿದ್ದೆವೆಂಬುದನ್ನು ಒಪ್ಪಿಕೊಳ್ಳಬೇಕು. ಒಬ್ಬರ ಮೆಚ್ಚುಗೆಯನ್ನು ಹತ್ತು ಮಂದಿ ‘ಅಂತೆ’ ಹಾಕಿ ಸಾಗಿಸಿದಾಗ ಯಂತ್ರದ ಲೆಕ್ಕಕ್ಕೆ ಹನ್ನೊಂದು ಮೆಚ್ಚುಗೆಗಳು ಸಿಗುತ್ತವೆ. ಭಾಷಿಕರ ಲೆಕ್ಕಕ್ಕೆ ಸಿಗುವುದು ಒಂದೇ.

ಪರಿಹಾರವು ಕಷ್ಟಸಾಧ್ಯವಲ್ಲ. ಭಾವದ ಗುರುತಿನ ಜೊತೆಗೆ ಆಕರದ ಗುರುತನ್ನು ಪ್ರತ್ಯೇಕವಾಗಿ ದಾಖಲಿಸಿದರೆ ಸಾಕು: ಸ್ವಾನುಭವ, ವರದಿ, ನಿರೀಕ್ಷೆ. ಈ ಮೂರು ವರ್ಗಗಳನ್ನು ನಾವು ಹೊರಗಿನಿಂದ ತರಬೇಕಿಲ್ಲ. ‘ಉಂಟು’, ‘ಉಂಟಂತೆ’, ‘ಇರ್ತದೆ’ ಎಂದು ಭಾಷಿಕರೇ ಅವನ್ನು ಪ್ರತಿ ವಾಕ್ಯದ ಕೊನೆಯಲ್ಲಿ ಗುರುತಿಸಿಕೊಟ್ಟಿದ್ದಾರೆ.

8. ಸಮಾರೋಪ

‘ಅಂತೆ’ ಮತ್ತು ‘ಗೆ’ಗಳು ಮಾತನಾಡುವವರನ್ನು ಹೊಣೆಯಿಂದ ಬಿಡುಗಡೆ ಮಾಡುವ ರೂಪಗಳೆಂಬ ವಿವರಣೆ ಅಪೂರ್ಣ. ಅವು ಹೊಣೆಯನ್ನು ನೋಡಿದವರ ಕಡೆಗೆ ತಿರುಗಿಸುತ್ತವೆ, ಹಾಗೂ ಅಂಥವರು ಇದ್ದಾರೆಂಬುದಕ್ಕೆ ಮಾತನಾಡುವವರನ್ನೇ ಜಾಮೀನು ನಿಲ್ಲಿಸುತ್ತವೆ. ಕನ್ನಡ ಮತ್ತು ತುಳು ಬೇರೆ ಬೇರೆ ರೂಪಗಳಿಂದ ಇದೇ ಕೆಲಸವನ್ನು ಮಾಡುವುದರಿಂದ ದ್ವಿಭಾಷಿಕರಿಗೆ ಭಾಷೆ ಬದಲಾದರೂ ಸಾಕ್ಷ್ಯದ ಲೆಕ್ಕ ಬದಲಾಗುವುದಿಲ್ಲ. ಬ್ಯಾರಿ ಮತ್ತು ಕೊಂಕಣಿ ಭಾಷಿಕರ ಸಿನಿಮಾ ಮಾತಿನಲ್ಲಿಯೂ (7)ರಿಂದ (12)ರವರೆಗಿನ ವಾಕ್ಯಗಳಿಗೆ ಸಂವಾದಿಯಾದ ರೂಪಗಳನ್ನು ಪರೀಕ್ಷಿಸುವುದು ಮುಂದಿನ ಕೆಲಸ. ಈ ಪ್ರದೇಶದ ಸಂಶೋಧನಾರ್ಥಿಗಳಿಗೆ ಅದಕ್ಕಾಗಿ ದೂರ ಹೋಗುವ ಅಗತ್ಯವಿಲ್ಲ. ಮುಂದಿನ ಶುಕ್ರವಾರದ ಸಂಜೆ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು.