ನಿಲ್ಲಿಸುವ ಜಾಣ್ಮೆ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಮೇಲೆ ದಢೇಸುಗೂರು ಎಂಬ ಊರಿದೆ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದಾಗಿ ಈ ಊರಿನ ಹೆಸರು ಸುತ್ತಲಿನ ರೈತರಿಗೆಲ್ಲ ಪರಿಚಿತ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯತೊಡಗಿತು. ಜೋಳ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಕ್ರಮೇಣ ಭತ್ತದ ಪೈರು ತಲೆದೂಗಿತು. ಆದರೆ ನೀರಿನ ಬೆನ್ನಿಗೇ ಒಂದು ಸಂಕಟವೂ ಬಂದಿತು. ಎರೆಮಣ್ಣಿನಲ್ಲಿ ನೀರು ಸುಲಭವಾಗಿ ಬಸಿದುಹೋಗುವುದಿಲ್ಲ. ನಿಂತ ನೀರು ಆವಿಯಾದಾಗ ಅದರಲ್ಲಿ ಕರಗಿದ್ದ ಲವಣವು ಮೇಲ್ಮಣ್ಣಿನಲ್ಲಿಯೇ ಉಳಿಯುತ್ತದೆ. ಹೀಗೆ ಅಚ್ಚುಕಟ್ಟು ಪ್ರದೇಶದ ಅನೇಕ ಹೊಲಗಳು ಸವುಳು ಹಿಡಿದವು. ಅಂಥ ನೆಲದಲ್ಲಿ ಬುಡದಲ್ಲಿ ನೀರಿದ್ದರೂ ಪೈರು ಬಾಯಾರಿ ಬಾಡುತ್ತದೆ.

ನೀರಿನ ನಡುವೆ ಬಾಯಾರಿಕೆಯೇಕೆ? ಹೊರಗಿನ ದ್ರಾವಣದಲ್ಲಿ ಲವಣ ಹೆಚ್ಚಾದರೆ ಜೀವಕೋಶದೊಳಗಿನ ನೀರು ಹೊರಕ್ಕೆ ಸೆಳೆಯಲ್ಪಡುತ್ತದೆ. ಕೋಶ ಕುಗ್ಗುತ್ತದೆ, ಅದರ ಕೆಲಸಗಳು ಅಸ್ತವ್ಯಸ್ತವಾಗುತ್ತವೆ. ಈ ಆಪತ್ತನ್ನು ಜೀವಿಯು ಎದುರಿಸುವ ಬಗೆಯನ್ನು ಅರಿಯಲು ವಿಜ್ಞಾನಿಗಳು ಅತಿ ಸರಳವಾದ ಒಂದು ಜೀವಿಯನ್ನು ಆರಿಸಿಕೊಂಡರು. ಅದೇ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್. ಇದಕ್ಕೆ ಇರುವುದು ಒಂದೇ ಒಂದು ಕೋಶ. ಆದರೂ ಅದರಲ್ಲಿ ಸುಮಾರು 6,000 ಜೀನುಗಳಿವೆ. 1996ರಲ್ಲಿ ಅದರ ಜೀನುಗಳ ಸಂಪೂರ್ಣ ಲಿಪಿಯನ್ನು ಓದಿ ಮುಗಿಸಲಾಯಿತು.

ಕೋಶದ ಕೆಲಸಗಳನ್ನು ಬಹುಮಟ್ಟಿಗೆ ನಡೆಸುವವು ಪ್ರೋಟೀನುಗಳು. ಅವುಗಳನ್ನು ತಯಾರಿಸುವ ಆಜ್ಞೆ ಡಿ.ಎನ್.ಎ.ಯಲ್ಲಿದೆ. ಆ ಆಜ್ಞೆಯ ಪ್ರತಿಯನ್ನು ಹೊತ್ತು ಬರುವುದು ದೂತ ಆರ್.ಎನ್.ಎ. ಅದನ್ನು ಓದಿ ಪ್ರೋಟೀನನ್ನು ಹೆಣೆಯುವ ಯಂತ್ರವೇ ರೈಬೋಸೋಮು. ಹೆಣಿಗೆಗೆ ಬೇಕಾದ ಅಮೈನೋ ಆಮ್ಲಗಳನ್ನು ವಾಹಕ ಆರ್.ಎನ್.ಎ.ಗಳು ತಂದೊದಗಿಸುತ್ತವೆ. ಇಂಥ ಒಂದು ವಾಹಕದ ಅಕ್ಷರಕ್ರಮವನ್ನು ಮೊತ್ತಮೊದಲು ಪೂರ್ಣವಾಗಿ ಓದಿದವರು ಅಮೆರಿಕದ ರಾಬರ್ಟ್ ಹಾಲಿ. ಅವರು 1965ರಲ್ಲಿ ಓದಿದ್ದು ಯೀಸ್ಟಿನ ಆರ್.ಎನ್.ಎ.ಯನ್ನೇ. ಅವರೊಡನೆ 1968ರ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡ ಹರಗೋಬಿಂದ ಖುರಾನಾ ಅವರು, ಆ ವಾಹಕದ ಜೀನನ್ನು 1970ರಲ್ಲಿ ಪ್ರಯೋಗಾಲಯದಲ್ಲಿ ನಿರ್ಮಿಸಿ ಲೋಕವನ್ನು ಬೆರಗುಗೊಳಿಸಿದರು.

ವಾಹಕ ಆರ್.ಎನ್.ಎ.ಯಲ್ಲಿ ಪ್ರೋಟೀನಿನ ಸಂದೇಶವಿಲ್ಲ. ಆದರೂ ಅದು ದುಡಿಯುತ್ತದೆ. ಇಂಥವುಗಳನ್ನು ಸಂಕೇತರಹಿತ ಆರ್.ಎನ್.ಎ.ಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಕೆಲವು ಬಹಳ ಕಿರಿಯವು. ಕೋಶದಲ್ಲಿ ಹಳೆಯ ಆರ್.ಎನ್.ಎ. ಸದಾ ಚೂರಾಗುತ್ತಿರುವುದರಿಂದ, ಇಂಥ ತುಣುಕುಗಳು ಬರಿಯ ಕಸವೆಂದು ತೋರುವುದು ಸಹಜ.

ಆದರೆ ಕಸದಲ್ಲಿಯೂ ರಸವಿತ್ತು. ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ನಾರ್ಬರ್ಟ್ ಪೊಲಾಚೆಕ್ ಮತ್ತು ಅವರ ಸಂಗಡಿಗರು ಯೀಸ್ಟಿನ ರೈಬೋಸೋಮಿಗೆ ಅಂಟಿಕೊಳ್ಳುವ ತುಣುಕೊಂದನ್ನು 2014ರಲ್ಲಿ ವರ್ಣಿಸಿದರು. ಅದರ ಉದ್ದ ಕೇವಲ 18 ಅಕ್ಷರ. ರೈಬೋಸೋಮಾದರೋ ಐದು ಸಾವಿರಕ್ಕೂ ಹೆಚ್ಚು ಅಕ್ಷರಗಳ ಆರ್.ಎನ್.ಎ. ಮತ್ತು 79 ಪ್ರೋಟೀನುಗಳು ಕೂಡಿದ ಮಹಾಯಂತ್ರ! ಈ ತುಣುಕು ಹುಟ್ಟುವುದು ಒಂದು ದೂತ ಆರ್.ಎನ್.ಎ.ಯಿಂದ. ಪತ್ರದಿಂದ ಹರಿದ ಚೂರು ಬೀಗವಾಗುವಂತೆ, ಅದು ರೈಬೋಸೋಮಿಗೆ ಅಂಟಿ ಪ್ರೋಟೀನಿನ ತಯಾರಿಕೆಯನ್ನು ತಡೆಯುತ್ತದೆ.

ಆಪತ್ತಿನಲ್ಲಿ ಕೆಲಸ ನಿಲ್ಲಿಸುವುದು ಹಿತವೇ? ಕಾಲುವೆ ಒಡೆದಾಗ ರೈತನು ಮೊದಲು ತೂಬನ್ನು ಮುಚ್ಚುತ್ತಾನೆ. ಆಮೇಲೆ ಏರಿಯನ್ನು ಕಟ್ಟುತ್ತಾನೆ. ನೀರು ನುಗ್ಗುತ್ತಿರುವಾಗ ಹಾಕಿದ ಮಣ್ಣು ನಿಲ್ಲುವುದೇ? ಯೀಸ್ಟಿನ ನಡತೆಯೂ ಹಾಗೆಯೇ. ಪ್ರೋಟೀನು ತಯಾರಿಸಲು ಅಪಾರ ಶಕ್ತಿ ಬೇಕು. ಲವಣದ ಹೊಡೆತ ಬಿದ್ದೊಡನೆ ಆ ವೆಚ್ಚವನ್ನು ತಡೆದರೆ, ಕೋಶಕ್ಕೆ ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳಲು ಅವಕಾಶ ದೊರೆಯುತ್ತದೆ. ಗ್ಲಿಸರಾಲನ್ನು ಕೂಡಿಹಾಕಿ ಅದು ಒಳಗಿನ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ತುಣುಕನ್ನು ತಯಾರಿಸಲಾರದ ಯೀಸ್ಟನ್ನು ವಿಜ್ಞಾನಿಗಳು ಸಿದ್ಧಪಡಿಸಿ ಪರೀಕ್ಷಿಸಿದರು. ಅದು ಸಕಾಲದಲ್ಲಿ ಕೆಲಸ ನಿಲ್ಲಿಸದೆ, ಉಪ್ಪುನೀರಿನಲ್ಲಿ ಬೆಳೆಯಲಾರದೆ ಸೊರಗಿತು. ನಿಲ್ಲಿಸಬಲ್ಲದ್ದೇ ಮುಂದೆ ಬೆಳೆಯಿತು.

ಇದೇ ತುಣುಕು ಭತ್ತದ ಪೈರನ್ನೂ ಕಾಯುತ್ತದೆಂದು ತಿಳಿಯಬಾರದು. ಸಸ್ಯಗಳಲ್ಲಿರುವ ಕಿರು ಆರ್.ಎನ್.ಎ.ಗಳು ಬೇರೆ, ಅವುಗಳ ಕ್ರಮವೂ ಬೇರೆ. ಆದರೆ ಉಪ್ಪಿನ ಒತ್ತಡ ಬಿದ್ದಾಗ ಭತ್ತದಲ್ಲಿಯೂ ಅವುಗಳ ಪ್ರಮಾಣ ಏರಿಳಿಯುವುದು ಕಂಡುಬಂದಿದೆ. ಸವುಳು ನೆಲಕ್ಕೆ ಬಸಿಗಾಲುವೆಯೂ ಬೇಕು, ಉಪ್ಪನ್ನು ತಾಳಿಕೊಳ್ಳುವ ತಳಿಯೂ ಬೇಕು. ಅಂಥ ತಳಿಯನ್ನು ಅರಸುವವರಿಗೆ, ಜೀವಿಯು ಕಷ್ಟವನ್ನು ತಾಳುವ ಮರ್ಮ ತಿಳಿದಷ್ಟೂ ದಾರಿ ಸುಗಮವಾಗುತ್ತದೆ. ದುಡಿಯುವ ಬಲದಂತೆ, ಹೊತ್ತರಿತು ನಿಲ್ಲಿಸುವ ಜಾಣ್ಮೆಯೂ ಬದುಕಿಗೆ ಆಧಾರವೆಂಬುದನ್ನು ಕಣ್ಣಿಗೆ ಕಾಣದ ಈ ಜೀವಿ ತೋರಿಸಿಕೊಟ್ಟಿದೆ.